ಚಿಪ್ಪಕ್ಕನ ಬೆನ್ನು ಕುಟ್ಟಿದ ಪಂಡಿತ

ಒಂದು ಕಾಡಿನಲ್ಲಿ ಮುಂಗುಸಿ ಪಂಡಿತನೊಬ್ಬನಿದ್ದ. ಹಾವಿನ ವಿಷ ಇಳಿಸುವ ಬೇರು, ಗಾಯ ಒಣಗಿಸುವ ಬೇರು, ಜ್ವರ ಬಿಡಿಸುವ ಸೊಪ್ಪು ಎಲ್ಲವೂ ಅವನಿಗೆ ಗೊತ್ತಿದ್ದವು. ಅವನ ವಿದ್ಯೆಯ ಬಗ್ಗೆ ನಾನು ಒಂದು ಮಾತೂ ಕೆಟ್ಟದಾಗಿ ಆಡುವುದಿಲ್ಲ. ಆದರೆ ಅವನ ಬಾಯಿ ಇತ್ತಲ್ಲ, ಅದಕ್ಕೆ ಮಾತ್ರ ಯಾವ ಮದ್ದೂ ಇರಲಿಲ್ಲ.

ದಿನಾ ಬೆಳಿಗ್ಗೆ ಅವನು ಹೊಂಗೆ ಮರದ ಕೆಳಗಿನ ಬಂಡೆಯ ಮೇಲೆ ಕೂತು ಬೇರಿನ ಸಿಪ್ಪೆ ಕೆರೆಯುತ್ತಿದ್ದ. ರೋಗಿಗಳು ಎದುರಿಗೆ ಸಾಲಾಗಿ ನಿಲ್ಲಬೇಕು. ಒಂದು ಬೇರು ಕೆರೆದು ಮುಗಿಯುವುದರೊಳಗೆ ಒಬ್ಬರು ತಮ್ಮ ಕಾಯಿಲೆ ಹೇಳಿ ಮುಗಿಸಬೇಕು. ಇದು ಅವನ ಕಟ್ಟಳೆ. ತಲೆ ಎತ್ತಿ ಯಾರ ಮುಖವನ್ನೂ ಅವನು ನೋಡುತ್ತಿರಲಿಲ್ಲ. ಎದೆ ಡವಗುಟ್ಟುತ್ತದೆ ಎಂದು ಮೊಲ ಹೇಳಿದರೆ, ನೀನು ಹುಟ್ಟಾ ಪುಕ್ಕಲು, ಹೋಗು ಎನ್ನುತ್ತಿದ್ದ. ಜಿಂಕೆ ಪಿಸುಗುಟ್ಟಿ ಹೇಳಿಕೊಂಡ ಗುಟ್ಟಿನ ಕಾಯಿಲೆಯನ್ನು ಸಾಲಿಗೆಲ್ಲ ಕೇಳುವಂತೆ ಕೂಗಿ ಹೇಳಿದ್ದ. ಯಾರಾದರೂ ಎರಡನೇ ಸಲ ಏನಾದರೂ ಕೇಳಿದರೆ, ವೈದ್ಯ ನೀನೋ ನಾನೋ ಎಂದು ಗದರುತ್ತಿದ್ದ. ಬೇರೆ ವೈದ್ಯರಿಲ್ಲದ್ದರಿಂದ ಎಲ್ಲರೂ ಬಾಯಿ ಮುಚ್ಚಿಕೊಂಡು ಮದ್ದು ತೆಗೆದುಕೊಂಡು ಹೋಗುತ್ತಿದ್ದರು.

ಆ ಕಾಡಿನಲ್ಲಿ ಚಿಪ್ಪಕ್ಕ ಎಂಬ ಚಿಪ್ಪುಹಂದಿ ತನ್ನ ಎಳೆ ಮರಿಯ ಜತೆ ಇದ್ದಳು. ಅವಳಿಗೆ ಮೈತುಂಬ ಗಟ್ಟಿ ಚಿಪ್ಪು, ಹೊಟ್ಟೆ ಮಾತ್ರ ಮೆತ್ತಗೆ. ಹೆದರಿಕೆಯಾದರೆ ಹೊಟ್ಟೆಯನ್ನು ಒಳಗೆ ಮಾಡಿ ಚೆಂಡಿನಂತೆ ಸುತ್ತಿಕೊಳ್ಳುವುದು ಅವಳ ಕುಲದ ರೀತಿ. ಒಂದು ದಿನ ಗೆದ್ದಲ ಹುತ್ತ ಅಗೆಯುವಾಗ ಬಿದಿರ ಸಿಬಿರು ಹೊಟ್ಟೆಗೆ ಚುಚ್ಚಿ ಅಲ್ಲೇ ಮುರಿಯಿತು. ನಾಲ್ಕು ದಿನಕ್ಕೆ ಕೀವಾಯಿತು. ನೆಲ ಕೆರೆಯಲು ಆಗಲಿಲ್ಲ, ತಿನ್ನಲು ಗೆದ್ದಲು ಸಿಗಲಿಲ್ಲ, ಹಾಲು ಬತ್ತತೊಡಗಿತು. ಬಾಲದ ಮೇಲೆ ಕೂತಿದ್ದ ಮರಿ ಹಸಿವಿನಿಂದ ಕುಂಯ್‌ಗುಟ್ಟುತ್ತಿತ್ತು. ತಾನು ಸತ್ತರೆ ಮರಿಯೂ ಉಳಿಯುವುದಿಲ್ಲ ಎಂದು ಚಿಪ್ಪಕ್ಕನಿಗೆ ಗೊತ್ತಿತ್ತು. ಹೇಗೋ ಮೈ ಎಳೆದುಕೊಂಡು ಬಂದು ಸಾಲಿನಲ್ಲಿ ನಿಂತಳು.

"ಪಂಡಿತರೇ, ಮೊನ್ನೆ ಹುತ್ತ ಅಗೀತಾ ಇದ್ದೆ, ಆವಾಗ..."

"ನಿನ್ನ ಪುರಾಣ ಯಾರಿಗೆ ಬೇಕು? ಎಲ್ಲಿ ನೋವು, ಅಷ್ಟು ಒದರು" ಎಂದು ಪಂಡಿತ ಅಬ್ಬರಿಸಿದ.

ಆ ಅಬ್ಬರಕ್ಕೆ ಚಿಪ್ಪಕ್ಕ ಬೆಚ್ಚಿಬಿದ್ದಳು. ಮರಿಯನ್ನು ಒಳಗೆ ಎಳೆದುಕೊಂಡು ದುಂಡಗೆ ಸುತ್ತಿಕೊಂಡಳು. ಪಂಡಿತ ಕೈಯಲ್ಲಿದ್ದ ಬೇರಿನಿಂದ ಅವಳ ಬೆನ್ನನ್ನು ಎರಡು ಸಲ ಕುಟ್ಟಿದ. ಚಿಪ್ಪು ಟಕ್ ಟಕ್ ಎಂದಿತು. ಕಲ್ಲುಗುಂಡಿನ ಹಾಗಿದ್ದಾಳೆ, ರೋಗವೂ ಇಲ್ಲ ಏನೂ ಇಲ್ಲ, ಬರೀ ಮೈಗಳ್ಳತನ ಎಂದು ಸಾಲಿಗೆಲ್ಲ ಸಾರಿ, ಒಂದು ಹಿಡಿ ಬೇವಿನ ಸೊಪ್ಪು ಎಸೆದ. ಸಾಲಿನಲ್ಲಿದ್ದವರು ನಕ್ಕರು. ನಗದಿದ್ದರೆ ತಮ್ಮ ಸರದಿಗೆ ಏನು ಕಾದಿದೆಯೋ ಎಂಬ ಭಯ ಅವರಿಗೆ.

ಚಿಪ್ಪಕ್ಕನ ಬಿಲದ ಪಕ್ಕದ ಪೊದೆಯಲ್ಲಿ ಕೆಂಚಮ್ಮ ಎಂಬ ಕಾಡುಕೋಳಿ ಇದ್ದಳು. ಅವಳದು ಮುಖಕ್ಕೆ ಹೊಡೆದ ಹಾಗೆ ಮಾತು. ಮಾರನೆಯ ದಿನ ಚಿಪ್ಪಕ್ಕ ಬೇಡವೆಂದರೂ ಬಿಡದೆ ಮತ್ತೆ ಕರೆತಂದಳು. ಬಂಡೆ ಕಂಡೊಡನೆಯೇ ಚಿಪ್ಪಕ್ಕ ಸುತ್ತಿಕೊಂಡುಬಿಟ್ಟಳು. ನೋವು ಇರುವುದು ಹೊಟ್ಟೆಯಲ್ಲಿ, ನೀವು ಬೆನ್ನು ಕುಟ್ಟಿ ಕಳಿಸಿದಿರಿ, ಇವತ್ತಾದರೂ ಹೊಟ್ಟೆ ನೋಡಿ ಎಂದು ಕೆಂಚಮ್ಮ ಕೇಳಿದಳು.

ಪಂಡಿತನಿಗೆ ತನ್ನ ತಪ್ಪು ಆ ಕ್ಷಣವೇ ಹೊಳೆಯಿತು. ಆದರೆ ಅಷ್ಟು ಪ್ರಾಣಿಗಳ ಮುಂದೆ ಒಪ್ಪಿಕೊಂಡರೆ ಮಾನ ಹೋಗುವುದಿಲ್ಲವೇ? ಅವನು ಒಂದು ಉಪಾಯ ಹೂಡಿದ. ಚಿಪ್ಪಕ್ಕನ ಬಾಲದ ತುದಿ ಹಿಡಿದು, ನಾಡಿ ನೋಡುವವನಂತೆ ಕಣ್ಣು ಮುಚ್ಚಿದ. ಆಮೇಲೆ ಗಂಭೀರವಾಗಿ ಹೇಳಿದ, "ಇವಳಿಗೆ ಅಂಟುರೋಗ. ಯಾರೂ ಮುಟ್ಟಬೇಡಿ. ಜತೇಲಿ ಬಂದಿರೋ ಕೋಳೀನೂ ಮುಟ್ಟಬೇಡಿ."

ಸಾಲು ಹತ್ತು ಮಾರು ಹಿಂದೆ ಸರಿಯಿತು. ಆ ಒಂದು ಮಾತಿಗೆ ತಾಯಿ ಮರಿ ಇಬ್ಬರೂ ಕಾಡಿಗೇ ಹೊರಗಾದರು. ಇನ್ನು ಯಾರೂ ಅವರ ಬಿಲದ ಹತ್ತಿರ ಸುಳಿಯುವುದಿಲ್ಲ, ಒಂದು ಗುಟುಕು ನೀರೂ ಕೊಡುವುದಿಲ್ಲ. ಇದನ್ನು ಹೇಳುವಾಗ ನನಗೇ ಮೈ ಉರಿಯುತ್ತದೆ.

ಕೆಂಚಮ್ಮ ಕೂಗಾಡಲಿಲ್ಲ. ನೇರವಾಗಿ ಹೋಗಿ ಚಿಪ್ಪಕ್ಕನ ಮೈಗೆ ಮೈ ತಾಗಿಸಿಕೊಂಡು ಕೂತಳು.

"ಮುಟ್ಟಿದೀನಿ, ಎಲ್ಲಾರೂ ನೋಡ್ಕೊಳ್ಳಿ" ಎಂದಳು. "ನಾನು ಸತ್ರೆ ಪಂಡಿತರ ಮಾತು ನಿಜ. ಬದುಕಿದ್ರೆ, ಈ ಬಂಡೆ ಮುಂದೆ ನೀವು ಯಾಕೆ ತಲೆ ತಗ್ಗಿಸ್ಕೊಂಡು ನಿಲ್ತೀರಿ ಅಂತ ಯೋಚ್ನೆ ಮಾಡಿ."

ಆಮೇಲೆ ಅವಳು ಚಿಪ್ಪಕ್ಕನ ಹತ್ತಿರ ಮೆಲ್ಲಗೆ ಮಾತಾಡತೊಡಗಿದಳು. ಮರಿ ಹುಟ್ಟಿ ಎಷ್ಟು ದಿನವಾಯಿತು ಎಂದು ಕೇಳಿದಳು. ಯಾವ ಹುತ್ತದ ಗೆದ್ದಲು ಹೆಚ್ಚು ರುಚಿ ಎಂದು ಕೇಳಿದಳು. ಹೊಟ್ಟೆಯಲ್ಲಿ ಎಲ್ಲಿ ನೋಯುತ್ತದೋ ನಿಧಾನವಾಗಿ ಹೇಳು, ನನಗೇನೂ ಅವಸರವಿಲ್ಲ ಎಂದಳು. ಬಿಸಿಲು ಏರಿತು. ಬಹಳ ಹೊತ್ತಿನ ಮೇಲೆ ಚಿಪ್ಪಕ್ಕನ ಮೈ ಸಡಿಲವಾಯಿತು. ಮೊದಲು ಮರಿ ಹೊರಗೆ ಬಂತು, ಆಮೇಲೆ ಅವಳ ಮೂತಿ, ಕೊನೆಗೆ ಹೊಟ್ಟೆ. ಕೀವುಗಟ್ಟಿದ ಗಾಯದಲ್ಲಿ ನಿಂತಿದ್ದ ಸಿಬಿರು ಎಲ್ಲರ ಕಣ್ಣಿಗೂ ಬಿತ್ತು. ಕೆಂಚಮ್ಮ ಅದನ್ನು ಕೊಕ್ಕಿನಲ್ಲಿ ಕಚ್ಚಿ ಒಂದೇ ಸಲಕ್ಕೆ ಎಳೆದುಹಾಕಿದಳು.

ಪಂಡಿತನ ಮುಖ ಕಪ್ಪಿಟ್ಟಿತು. ಆದರೂ ಜಂಭ ಬಿಡಲಿಲ್ಲ. ಸಿಬಿರು ತೆಗೆದ ಮಾತ್ರಕ್ಕೆ ಗಾಯ ಒಣಗುವುದಿಲ್ಲ, ಒಣಗಿಸುವ ಬೇರು ತನ್ನೊಬ್ಬನ ಹತ್ತಿರವೇ ಇದೆ, ಬೇಕಾದರೆ ಇಬ್ಬರೂ ತಪ್ಪಾಯಿತು ಎಂದು ಕೇಳಿಕೊಳ್ಳಲಿ ಎಂದ.

ಆಗ ಚಿಪ್ಪಕ್ಕ ಮೊದಲ ಸಲ ದನಿ ಎತ್ತಿದಳು. "ತಪ್ಪು ಮಾಡ್ದೇನೇ ತಪ್ಪಾಯ್ತು ಅನ್ನಲ್ಲ ನಾನು. ಆ ಬೇರು ನಿಮ್ಮತ್ರಾನೇ ಇರ್ಲಿ."

ಮರಿಯನ್ನು ಬಾಲದ ಮೇಲೆ ಕೂರಿಸಿಕೊಂಡು ಅವಳು ಹೊರಟಳು. ಅವಳ ಹಿಂದೆ ಜಿಂಕೆ ಸಾಲು ಬಿಟ್ಟು ನಡೆಯಿತು. ಮೊಲವೂ ನಡೆಯಿತು. ಸ್ವಲ್ಪ ಹೊತ್ತಿಗೆ ಬಂಡೆಯ ಮುಂದೆ ಒಬ್ಬರೂ ಉಳಿಯಲಿಲ್ಲ.

ಎಲ್ಲಿ ಹೋಗುತ್ತಾರೆ, ನಾಳೆ ಬಂದೇ ಬರುತ್ತಾರೆ ಎಂದುಕೊಂಡ ಪಂಡಿತ. ನಾಳೆ ಯಾರೂ ಬರಲಿಲ್ಲ, ನಾಡಿದ್ದೂ ಬರಲಿಲ್ಲ. ಅತ್ತ ಕೆಂಚಮ್ಮ ದಿನಾ ಹೊಳೆಯ ನೀರಿನಲ್ಲಿ ಗಾಯ ತೊಳೆಯುತ್ತಿದ್ದಳು. ಜಿಂಕೆ ಗೊರಸಿನಿಂದ ಹುತ್ತ ಒಡೆದು ಗೆದ್ದಲು ತೋರಿಸುತ್ತಿತ್ತು. ಆದರೂ ಗಾಯ ಒಣಗಲಿಲ್ಲ. ಏಳನೆಯ ದಿನ ಪಂಡಿತ ಗಾಯದ ಬೇರು ಹಿಡಿದು ಬಿಲದ ಬಾಗಿಲಿಗೆ ಬಂದ. ಕನಿಕರ ಹುಟ್ಟಿ ಬಂದನೋ, ಒಬ್ಬನೇ ಕೂತು ಬೇಸರವಾಗಿ ಬಂದನೋ, ನನಗೆ ಗೊತ್ತಿಲ್ಲ.

"ಹೊಟ್ಟೆ ತೋರ್ಸಮ್ಮ ಚಿಪ್ಪಕ್ಕ, ನಾನೇ ಹಚ್ಚಿಕೊಡ್ತೀನಿ" ಎಂದ. ದನಿ ಮೆತ್ತಗಿತ್ತು.

ಒಳಗೆ ಚಿಪ್ಪಕ್ಕ ಆಗಲೇ ಸುತ್ತಿಕೊಂಡಿದ್ದಳು. ಅಲ್ಲಿಂದಲೇ ಹೇಳಿದಳು, "ಹಟ ಮಾಡ್ತಿಲ್ಲ ಪಂಡಿತರೇ. ನಿಮ್ಮ ದನಿ ಕೇಳಿದ್ರೆ ನನ್ನ ಮೈ ತಾನಾಗೇ ಮುಚ್ಕೊಳ್ಳತ್ತೆ. ನಾನು ತೆರಿ ಅಂದ್ರೂ ತೆರೆಯಲ್ಲ. ಬೇರು ಅಲ್ಲಿಟ್ಟು ಹೋಗಿ, ಕೆಂಚಮ್ಮ ಹಚ್ತಾಳೆ. ಹೋಗ್ತಾ ದಾರೀಲಿ ಸಿಕ್ಕೋರಿಗೆಲ್ಲ, ಅಂಟುರೋಗ ಅಂದಿದ್ದು ಸುಳ್ಳು ಅಂತ ನಿಮ್ಮ ಬಾಯಲ್ಲೇ ಹೇಳ್ಕೊಂಡು ಹೋಗಿ."

ಪಂಡಿತ ಬೇರು ಇಟ್ಟ. ಸಿಕ್ಕವರಿಗೆಲ್ಲ ಹೇಳಿಕೊಂಡೂ ಹೋದ. ಎಂಟು ದಿನಕ್ಕೆ ಗಾಯ ಒಣಗಿತು, ಮರಿಗೆ ಹಾಲು ಸಿಕ್ಕಿತು. ಆಮೇಲೆ ಪಂಡಿತ ತಲೆ ಎತ್ತಿ ಮಾತಾಡಿಸುವುದನ್ನು ಕಲಿತ, ಪ್ರಾಣಿಗಳೂ ಬಂಡೆಯ ಹತ್ತಿರ ಬರತೊಡಗಿದವು. ಆದರೆ ಒಂಟಿಯಾಗಿ ಅವನ ಎದುರು ನಿಲ್ಲಲು ಅವರಲ್ಲಿ ಒಬ್ಬರೂ ಒಪ್ಪಲಿಲ್ಲ. ಬಂದವರೆಲ್ಲ ಕೆಂಚಮ್ಮನನ್ನು ಜತೆಗೆ ಕರೆದುಕೊಂಡೇ ಬಂದರು. ಅವಳು ಕೇಳಿದ್ದಕ್ಕೆಲ್ಲ ಪಂಡಿತ ಉತ್ತರ ಕೊಡಲೇಬೇಕಾಯಿತು.

ನೀತಿ: ನೋವು ಹೇಳಿಕೊಳ್ಳಲು ಬಂದವರನ್ನು ಗದರಿಸಿ ಅಟ್ಟುವ ವೈದ್ಯ ಎಷ್ಟೇ ಕಲಿತಿದ್ದರೂ ನಂಬಿಕೆ ಕಳೆದುಕೊಳ್ಳುತ್ತಾನೆ, ಅಂಥವನ ಮುಂದೆ ರೋಗಿ ತಲೆ ತಗ್ಗಿಸಬೇಕಾಗಿಲ್ಲ.