ಓಗೊಡದ ಕೊಲ್ಲಿ

ಶಾಂತ ಸಾಗರದ ನಡುವೆ ನುಕುವಾರೆ ಎಂಬ ಒಂದು ದ್ವೀಪವಿದೆ. ಆ ಸಾಗರಕ್ಕೆ ಶಾಂತ ಎಂದು ಹೆಸರಿಟ್ಟ ಪುಣ್ಯಾತ್ಮ ಬಿರುಗಾಳಿಯ ತಿಂಗಳುಗಳಲ್ಲಿ ಇತ್ತ ಸುಳಿದಿರಲಾರ. ದ್ವೀಪದ ಪಡುವಣ ಮಗ್ಗುಲಿನಲ್ಲಿ, ಎರಡು ಕಪ್ಪು ಗುಡ್ಡಗಳ ನಡುವೆ, ಕುಡುಗೋಲಿನಂತೆ ಬಾಗಿದ ಕೊಲ್ಲಿಯೊಂದು ಮಲಗಿದೆ. ದಡದುದ್ದಕ್ಕೂ ಸುರಹೊನ್ನೆ, ತೆಂಗು, ಮುಂಡುಗ. ಅವುಗಳ ಹಿಂದೆ ಜೀಗುಜ್ಜೆ ಮರಗಳು, ಕೆಸುವಿನ ಗದ್ದೆಗಳು. ಇಲ್ಲಿಯ ಶಾಲೆಯಲ್ಲಿ ಪಾಠ ಹೇಳಲೆಂದು ಕುಂದಾಪುರದ ಕಡೆಯಿಂದ ಬಂದ ನನಗೆ ಮೊದಲ ದಿನ ಇದೇನು ನಮ್ಮೂರೇ ಎನಿಸಿತ್ತು. ಕಡಲಿನತ್ತ ತಿರುಗಿದ ಮೇಲೆ ಆ ಭ್ರಮೆ ಹರಿಯಿತು. ದಡದಿಂದ ಒಂದು ಕೂಗಳತೆಯ ದೂರದಲ್ಲಿ ಹವಳದ ಗೋಡೆಯೊಂದು ಕೊಲ್ಲಿಯ ಬಾಯಿಗೆ ಅಡ್ಡವಾಗಿ ಎದ್ದಿದೆ. ಹೊರಗಿನ ಅಲೆ ಅದಕ್ಕೆ ಬಡಿದು ನೊರೆಯಾಗುತ್ತದೆ, ಒಳಗಿನ ನೀರು ಬಟ್ಟಲಿನ ಹಾಲಿನ ಹಾಗೆ ಅಲುಗದೆ ನಿಲ್ಲುತ್ತದೆ. ಹವಳದ ಹುಳು ಸಿಹಿನೀರಿನಲ್ಲಿ ಬದುಕುವುದಿಲ್ಲ. ಗುಡ್ಡದಿಂದ ಇಳಿದ ಹೊಳೆ ಕಡಲನ್ನು ಸೇರುವ ನೇರದಲ್ಲಿ ಮಾತ್ರ ಆ ಗೋಡೆ ಬೆಳೆಯದೆ ಕಂಡಿಯಾಗಿ ಉಳಿದಿದೆ. ಒಳಗೆ ಬರಲು, ಹೊರಗೆ ಹೋಗಲು ದೋಣಿಗಳಿಗೆ ಅದೊಂದೇ ದಾರಿ.

ಕೊಲ್ಲಿಗೆ ದ್ವೀಪದವರ ಮಾತಿನಲ್ಲಿ ‘ತವಾಯೆಲೋ’ ಎಂದು ಹೆಸರು. ಕನ್ನಡದಲ್ಲಿ ಹೇಳುವುದಾದರೆ ಓಗೊಡದ ಕೊಲ್ಲಿ. ಪ್ರವಾಸಿಗಳನ್ನು ಕರೆತರುವ ಮಾರ್ಗದರ್ಶಿಗಳು ಇಲ್ಲಿಯ ಗುಡ್ಡಗಳಲ್ಲಿ ಪ್ರತಿಧ್ವನಿ ಹುಟ್ಟುವುದಿಲ್ಲ, ಅದಕ್ಕೇ ಈ ಹೆಸರು ಎಂದು ಕಥೆ ಕಟ್ಟುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಪ್ರತಿಧ್ವನಿ ಬೇಕಾದಷ್ಟು ಹುಟ್ಟುತ್ತದೆ, ಯಾರು ಬೇಕಾದರೂ ಕೂಗಿ ನೋಡಬಹುದು. ತಿಮಿಂಗಿಲ ಬೇಟೆಯ ಹಡಗುಗಳು ಈ ಹೊಳೆಯಲ್ಲಿ ನೀರು ತುಂಬಿಕೊಳ್ಳಲು ಬರುವ ಮೊದಲೇ, ಕೊಬ್ಬರಿಯ ವ್ಯಾಪಾರಿಗಳೂ ಪಾದ್ರಿಗಳೂ ಬರುವುದಕ್ಕಿಂತ ಎಷ್ಟೋ ತಲೆಮಾರು ಹಿಂದೆಯೇ ಆ ಹೆಸರು ಇಲ್ಲಿತ್ತು. ಅದು ಹೇಗೆ ಬಂತೆಂಬುದನ್ನು ನನಗೆ ಹೇಳಿದವಳು ವೈಮೇರಿ ಎಂಬ ಮುದುಕಿ. ಹೇಳುವಾಗ ಅವಳು ಒಮ್ಮೆಯೂ ಕಡಲಿಗೆ ಬೆನ್ನು ಹಾಕಿ ಕೂರಲಿಲ್ಲ.

ಹಿಂದೆ ಒಮ್ಮೆ ಈ ದಡದಲ್ಲಿ ತಾಮಕೇವ ಎಂಬ ಹಿರಿಯನ ಮಾತಿಗೆ ನಡೆಯುವ ಒಂದು ಸಣ್ಣ ಊರಿತ್ತು. ಆ ಊರಿನಲ್ಲಿ ರೌಮಾತಿ ಎಂಬ ದೋಣಿಗಾರ, ಅವನ ಹೆಂಡತಿ ತೆಹೀಯಾ, ಅವರ ಪುಟ್ಟ ಮಗಳು ಅನೂಯಿ ಬಾಳುತ್ತಿದ್ದರು. ರೌಮಾತಿ ವಾಚಾಳಿ, ನಗೆಗಾರ. ಮೀನು ಸಿಗದ ದಿನವೂ ಊರಿಗೆಲ್ಲ ಕೇಳುವ ಹಾಗೆ ಹಾಡುತ್ತ ಕಂಡಿ ದಾಟಿ ಬರುವವನು. ಅವನ ತಂಗಿಯನ್ನು ನೆರೆಯ ದ್ವೀಪಕ್ಕೆ ಕೊಟ್ಟಿತ್ತು. ಅವಳ ಬಾಣಂತನಕ್ಕೆಂದು ಮುಂಡುಗದ ಚಾಪೆ, ತೆಂಗಿನೆಣ್ಣೆ ಹೊತ್ತು ಒಂದು ಬೆಳಿಗ್ಗೆ ಅವನು ಒಬ್ಬನೇ ಹೊರಟ. ಅಲ್ಲಿಗೆ ತಲುಪಿಸಿಯೂ ಆಯಿತು. ಆದರೆ ಮರಳುವ ದಾರಿಯಲ್ಲಿ ಗಾಳಿ ತಿರುಗಿತು. ಆ ವರ್ಷದ ಬಿರುಗಾಳಿ ಜೀಗುಜ್ಜೆಯ ಕಾಯಿಗಳನ್ನೆಲ್ಲ ಉದುರಿಸಿತು, ಕೆಸುವಿನ ಗದ್ದೆಗೆ ಉಪ್ಪುನೀರು ನುಗ್ಗಿಸಿತು. ಗಾಳಿ ನಿಂತ ಮೇಲೂ ರೌಮಾತಿ ಬರಲಿಲ್ಲ.

ಆ ಊರಿನ ಕಟ್ಟಳೆಗಳನ್ನು ಇಲ್ಲಿ ಹೇಳಬೇಕು. ಹೇಳದಿದ್ದರೆ ಮುಂದಿನದು ಕಲ್ಲುಹೃದಯದವರ ಕಥೆಯಂತೆ ಕಾಣುತ್ತದೆ, ಅವರು ಹಾಗಿರಲಿಲ್ಲ. ಕಂಡಿಗೆ ನೇರವಾದ ಬಂಡೆಯ ಮೇಲೆ ಪ್ರತಿ ಸಂಜೆ ಬೆಂಕಿ ಉರಿಯುತ್ತಿತ್ತು, ಮನೆಮನೆಯಿಂದ ಅದಕ್ಕೆ ತೆಂಗಿನ ಸಿಪ್ಪೆ, ಕರಟ ಬರುತ್ತಿತ್ತು. ಕತ್ತಲೆಯಲ್ಲಿ ಬರುವ ದೋಣಿ ಆ ಬೆಂಕಿಯನ್ನು ನೋಡಿಯೇ ಕಂಡಿ ಹಿಡಿಯಬೇಕು. ಕಡಲಿಗೆ ಹೋದವನು ಕಾಣೆಯಾದರೆ, ಅವನು ಬರುವವರೆಗೆ ಇಲ್ಲವೇ ಅವನ ಸೂತಕ ಹಿಡಿಯುವವರೆಗೆ ಕೊಲ್ಲಿಯಲ್ಲಿ ಯಾರೂ ಬಲೆ ಇಳಿಸುವಂತಿಲ್ಲ. ಸೂತಕ ಹಿಡಿಯುವುದೆಂದರೆ ಹೆಂಡತಿಯೇ ತನ್ನ ಕೈಯಾರೆ ಆ ಬೆಂಕಿಯನ್ನು ಆರಿಸುವುದು. ಅಲ್ಲಿಂದ ಮುಂದೆ ಒಂದು ಹುಣ್ಣಿಮೆ ಕಳೆಯುವ ತನಕ ದಡದಲ್ಲಿ ಬೆಂಕಿ ಇಲ್ಲ, ಸತ್ತವನು ಬೆಳಕು ಹಿಡಿದು ಮನೆಗೆ ಬಾರದಿರಲಿ ಎಂದು. ಆ ದಿನಗಳಲ್ಲಿ ಅವನು ಕಡಲಿನಿಂದ ಹೆಸರು ಹಿಡಿದು ಕರೆಯುತ್ತಾನೆ ಎನ್ನುತ್ತಾರೆ. ಓಗೊಟ್ಟರೆ ಆ ಮನೆಯ ಮಗುವನ್ನು ಕರೆದೊಯ್ಯುತ್ತಾನೆ. ನಾವು ನಗುವ ಹಾಗಿಲ್ಲ. ನಮ್ಮ ಕಡೆಯೂ ಕತ್ತಲಾದ ಮೇಲೆ ಯಾರೋ ಒಮ್ಮೆ ಕೂಗಿದರೆ ಸುಮ್ಮನಿರುತ್ತೇವೆ, ಮತ್ತೆ ಕೂಗಲಿ ಎಂದು ಕಾಯುತ್ತೇವೆ.

ತೆಹೀಯಾ ಬೆಂಕಿ ಆರಿಸಲು ಒಪ್ಪಲಿಲ್ಲ. ಗದ್ದೆಯಲ್ಲಿ ಕೆಸು ಕೊಳೆಯಿತು, ಉದುರಿದ ಕಾಯಿಗಳು ಮುಗಿದವು, ಮಕ್ಕಳು ತೆಂಗಿನ ಮೊಳಕೆ ಅಗಿಯುತ್ತ ಅಲೆಯತೊಡಗಿದವು. ಅಷ್ಟರಲ್ಲಿ ವರ್ಷಕ್ಕೊಮ್ಮೆ ಬರುವ ಮೀನಿನ ಹಿಂಡು, ನಮ್ಮ ಬಂಗುಡೆಯಂಥದು, ಕಂಡಿಯಿಂದ ಒಳಗೆ ಬಂದು ಕೊಲ್ಲಿಯನ್ನೆಲ್ಲ ತುಂಬಿಕೊಂಡಿತು. ಮೊಣಕಾಲು ನೀರಿಗಿಳಿದರೆ ಕಾಲಿಗೆ ತಾಗುವಷ್ಟು ಮೀನು, ಕೈ ಹಾಕುವಂತಿಲ್ಲ. ಯಾರೂ ತೆಹೀಯಾಳ ಮೇಲೆ ರೇಗಲಿಲ್ಲ. ಹಸಿದವರು ಸುಮ್ಮನೆ ಅವಳ ಮನೆಯ ಮುಂದೆ ಹಾದು ಹೋಗುತ್ತಿದ್ದರು, ಅದೇ ಅವಳಿಗೆ ಸಾಕಾಗಿತ್ತು. ಕಡೆಗೆ ತಾಮಕೇವ ಬಂದು ಅವಳ ಹೊಸ್ತಿಲಲ್ಲಿ ಕುಳಿತ.

“ಮಗಳೇ, ನಿನಗೆ ಅವಸರ ಮಾಡೋದಿಲ್ಲ. ಮಕ್ಕಳ ಮುಖ ಒಮ್ಮೆ ನೋಡು, ಅಷ್ಟೇ” ಎಂದ.

ಅವಳು ಅಂದೇ ಬಂಡೆ ಹತ್ತಿ ಕೆಂಡದ ಮೇಲೆ ಮರಳು ಸುರಿದಳು. ಊರು ಬಲೆ ಇಳಿಸಿತು. ಹೆಂಗಸರು ನೆಲದ ಕುಳಿಗಳಲ್ಲಿ ಕಾದ ಕಲ್ಲಿನ ಮೇಲೆ, ಹೊಗೆಯೂ ಹೊರಗೆ ಕಾಣದ ಹಾಗೆ ಎಲೆ ಮುಚ್ಚಿ ಮೀನು ಬೇಯಿಸಿದರು. ಎಷ್ಟೋ ದಿನಗಳ ಮೇಲೆ ಮಕ್ಕಳು ಹೊಟ್ಟೆ ತುಂಬ ಉಂಡವು. ತೆಹೀಯಾ ಮಗಳಿಗೆ ಮುಳ್ಳು ಬಿಡಿಸಿ ತಿನ್ನಿಸಿದಳು, ತಾನು ಮುಟ್ಟಲಿಲ್ಲ.

ಮರುದಿನ ಮುಸ್ಸಂಜೆಗೆ ಜಿನುಗು ಮಳೆ ಹಿಡಿಯಿತು. ಮೋಡ ಇಳಿದು ಗುಡ್ಡ ಯಾವುದು, ನೀರು ಯಾವುದು ತಿಳಿಯದಾಯಿತು. ಆಗ ಹವಳದ ಗೋಡೆಯ ಕಡೆಯಿಂದ ಒಂದು ದನಿ ಬಂತು. ಮೊದಲು ತೆಹೀಯಾ ಎಂದು ಕರೆಯಿತು. ಅದು ಯಾರ ದನಿಯೆಂದು ಊರಿಗೆಲ್ಲ ಗೊತ್ತು, ಆ ದನಿಯ ಹಾಡು ಕೇಳಿಯೇ ಎಲ್ಲರೂ ಅಷ್ಟು ವರ್ಷ ಸಂಜೆ ಕಳೆದವರು. ಬಾಗಿಲ ತಟ್ಟಿಗಳು ಒಂದೊಂದಾಗಿ ಮುಚ್ಚಿದವು. ತೆಹೀಯಾಳ ತೊಡೆಯ ಮೇಲಿದ್ದ ಅನೂಯಿ ಎದ್ದು ಕುಳಿತಳು.

“ಅಮ್ಮಾ, ಅಪ್ಪ ಕರೀತಿದಾನೆ. ಓ ಅನ್ನು.”

ತೆಹೀಯಾ ಮಗಳನ್ನು ಎದೆಗೆ ಒತ್ತಿಕೊಂಡು ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ಹೋದವನು ಹೋದ, ಇರುವ ಒಂದು ಕೂಸನ್ನಾದರೂ ಉಳಿಸಿಕೊಳ್ಳಬೇಕೆಂದು ಆ ತಾಯಿಯ ಜೀವ ಹಟ ಹಿಡಿದಿತ್ತು. ದನಿ ಈಗ ಮಗಳ ಹೆಸರು ಹಿಡಿಯಿತು. ಆಮೇಲೆ ತಾಮಕೇವನದು. ಆಮೇಲೆ ದಡದ ಈ ತುದಿಯಿಂದ ಆ ತುದಿಯವರೆಗೆ ಒಂದು ಮನೆಯನ್ನೂ ಬಿಡದೆ, ಇಂಥವರೇ, ಇಂಥವರೇ ಎಂದು ಎಲ್ಲರನ್ನೂ ಕರೆಯುತ್ತ ಹೋಯಿತು. ಸತ್ತವನು ಹೆಸರು ಹಿಡಿದು ಕರೆಯುತ್ತಾನೆ ಎಂದು ಕೇಳಿದ್ದವರಿಗೆ ಇನ್ನಾವ ಸಾಕ್ಷಿ ಬೇಕಿತ್ತು? ತನ್ನ ಹೆಸರು ಬಂದಾಗ ಪ್ರತಿಯೊಂದು ಮನೆಯೂ ಮಕ್ಕಳ ಕಿವಿ ಮುಚ್ಚಿ ಉಸಿರು ಬಿಗಿಹಿಡಿದು ಕುಳಿತಿತು. ನೀರು ಏರುತ್ತಿತ್ತು, ದನಿ ಸೊರಗುತ್ತಿತ್ತು. ಕೊನೆಗೆ ಗಾಳಿ ಒಂದು ಕ್ಷಣ ಇತ್ತ ತಿರುಗಿದಾಗ ನಾಲ್ಕು ಮಾತು ಬಿಡಿಬಿಡಿಯಾಗಿ ದಡಕ್ಕೆ ಬಂದವು. ಬೆಂಕಿ ಹಾಕಿ, ಕಂಡಿ ಕಾಣ್ತಾ ಇಲ್ಲ ಎನ್ನುತ್ತಿತ್ತು ಆ ದನಿ.

ತೆಹೀಯಾ ದಿಗ್ಗನೆ ಎದ್ದಳು.

“ಸತ್ತವರಿಗೆ ಕಂಡಿ ಯಾಕೆ ಬೇಕು?” ಎಂದಳು.

ಅವಳು ಓ ಎಂದು ಕೂಗುತ್ತಲೇ ಬಂಡೆಯ ಕಡೆಗೆ ಓಡಿದಳು. ಕರಟವೆಲ್ಲ ತೊಯ್ದಿತ್ತು, ಕಿಡಿ ಹಿಡಿಯಲಿಲ್ಲ. ಹಿಂದಿರುಗಿ ಬಂದು ತನ್ನ ಮನೆಯ ಮಾಡಿನ ಒಳಗಿನ ಒಣ ಗರಿಗಳನ್ನೇ ಕಿತ್ತು ಹೊತ್ತೊಯ್ದಳು. ಅವಳ ಕೂಗು ಕೇಳಿ ತಾಮಕೇವ ಹೊರಗೆ ಬಂದ, ಆಮೇಲೆ ಊರೇ ಬಂತು. ಒಬ್ಬೊಬ್ಬರೂ ತಮ್ಮ ಮಾಡು ಕಿತ್ತು ತಂದರು. ಹಿಂದೆಂದೂ ಕಾಣದಂಥ ಬೆಂಕಿ ಬಂಡೆಯ ಮೇಲೆ ಎದ್ದಿತು, ಕಂಡಿಯ ನೀರು ಕೆಂಪಾಗಿ ಹೊಳೆಯಿತು. ಊರೆಲ್ಲ ರೌಮಾತಿಯ ಹೆಸರು ಹಿಡಿದು ಕರೆಯಿತು. ಕಡಲಿನಿಂದ ಅಲೆಯ ಸದ್ದಲ್ಲದೆ ಬೇರೇನೂ ಬರಲಿಲ್ಲ.

ಬೆಳಕು ಹರಿದಾಗ ನೀರಿಳಿದ ಹವಳದ ಮೇಲೆ, ಕಂಡಿಯಿಂದ ಮೂರಾಳುದ್ದ ದೂರದಲ್ಲಿ ಅವನ ಹೆಣ ಸಿಕ್ಕಿತು. ಎರಡು ಅಂಗೈಗಳೂ ಹವಳ ಹಿಡಿದು ಹಿಡಿದು ಸೀಳಿಹೋಗಿದ್ದವು. ಒಡೆದ ದೋಣಿಯ ಕಟ್ಟುಗಳೆಲ್ಲ ಹೊಸವು, ಹಕ್ಕಿಗಳಷ್ಟೇ ವಾಸಿಸುವ, ಕಡಲ ನಡುವಿನ ದೂರದ ದಿಣ್ಣೆಯೊಂದರಲ್ಲಿ ಬೆಳೆಯುವ ಬಳ್ಳಿಯವು. ಬಿರುಗಾಳಿ ಅವನನ್ನು ಅಲ್ಲಿಗೆ ಎಸೆದಿತ್ತು. ಅವನು ಅಲ್ಲಿಯೇ ಬದುಕಿ, ಮುರಿದ ದೋಣಿಯನ್ನು ಕಟ್ಟಿಕೊಂಡು ಬಂದಿದ್ದ. ದೋಣಿಯ ಮೂತಿಗೆ ಬಿಗಿದಿದ್ದ ಗರಿಯ ಬುಟ್ಟಿಯಲ್ಲಿ ಕಡಲಹಕ್ಕಿಯ ಮೊಟ್ಟೆಗಳಿದ್ದವು. ಅನೂಯಿಗೆ ಆ ಮೊಟ್ಟೆ ಎಂದರೆ ಪ್ರಾಣವೆಂದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಬೆಂಕಿ ಆರಿಸುವ, ಓಗೊಡದಿರುವ ಕಟ್ಟಳೆಯನ್ನು ತಾಮಕೇವ ಅಂದೇ ತೆಗೆದುಹಾಕಿದ. ಕೊಲ್ಲಿಗೆ ರೌಮಾತಿಯ ಹೆಸರಿಡೋಣ, ಅಷ್ಟಾದರೂ ಮಾಡೋಣ ಎಂದು ಊರಿನ ಮುಂದೆ ಹೇಳಿದ. ತೆಹೀಯಾ ಗಂಡನ ಕೈಗಳನ್ನು ತೊಳೆಯುತ್ತಿದ್ದವಳು ತಲೆ ಎತ್ತಿದಳು.

“ಅವನ ಹೆಸರು ಬೇಡ, ಅಜ್ಜ. ಅವನು ಕರೆದ, ಅವನ ಕೆಲಸ ಅವನು ಮಾಡಿದ. ನಾವು ಮಾಡಿದ್ದಕ್ಕೆ ಹೆಸರಿಡಿ.”

ಹಾಗೆ ಕೊಲ್ಲಿಗೆ ಈ ಹೆಸರು ಬಂತು. ತಮ್ಮ ತಪ್ಪನ್ನೇ ತಮ್ಮ ಕೊಲ್ಲಿಯ ಹೆಸರಾಗಿ ಹೊತ್ತುಕೊಂಡ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗಲೂ ಅಲ್ಲಿಗೆ ಹೋದವರು ಸಂಜೆಯವರೆಗೆ ನಿಂತರೆ ಒಂದು ವಿಚಿತ್ರವನ್ನು ನೋಡಬಹುದು. ಹೊತ್ತು ಮುಳುಗುವಾಗ ಕಪ್ಪು ರೆಕ್ಕೆಯ ಒಂದು ಜಾತಿಯ ಹಕ್ಕಿಗಳು ಹವಳದ ಗೋಡೆಯ ಆಚೆ ಹಾರುತ್ತ ಮನುಷ್ಯರು ನರಳುವ ಹಾಗೆ ಕೂಗುತ್ತವೆ. ಕೂಗು ಕೇಳಿದ್ದೇ ತಡ, ದಡದ ಮನೆಗಳಿಂದ ಜನ ಹೊರಗೆ ಬರುತ್ತಾರೆ. ಅಡುಗೆ ಮಾಡುತ್ತಿದ್ದವರು, ಬಲೆ ಹೆಣೆಯುತ್ತಿದ್ದವರು, ಹಾಲೂಡುತ್ತಿದ್ದ ತಾಯಂದಿರು, ಎಲ್ಲರೂ ಕಡಲಿನತ್ತ ಮುಖ ಮಾಡಿ, ಓ, ಇದ್ದೇವೆ, ಬಾ ಎಂದು ಉತ್ತರ ಕೊಡುತ್ತಾರೆ. ಪ್ರವಾಸಿಗಳು ನಗುತ್ತಾರೆ, ಫೋಟೊ ತೆಗೆಯುತ್ತಾರೆ. ನಾನೂ ವೈಮೇರಿಯನ್ನು ಕೇಳಿದ್ದೆ, ಅದು ಹಕ್ಕಿಯೆಂದು ನಿಮಗೆ ಗೊತ್ತಿಲ್ಲವೇ ಎಂದು. ಅವಳು ಕೆಸುವಿನ ಗೆಡ್ಡೆ ಹೆರೆಯುತ್ತಿದ್ದಳು.

“ಹಕ್ಕಿ ಅಂತ ಗೊತ್ತು, ಮೇಷ್ಟ್ರೇ. ಆವತ್ತು ದೆವ್ವ ಅಂತಲೂ ನಮಗೆ ಗೊತ್ತಿತ್ತಲ್ಲ” ಎಂದಳು. ಚಾಕು ಕೆಳಗಿಟ್ಟು, ಗೋಡೆ ಹಿಡಿದು ಎದ್ದು, ಕಡಲಿಗೆ ಓಗೊಟ್ಟಳು.