ಉದ್ಘಾಟನೆಯಾದ ರೋಗಿ

ನಮ್ಮ ತವರೂರಿನ ಸರಕಾರಿ ಆಸ್ಪತ್ರೆಯಲ್ಲಿ ಒಬ್ಬ ಆಯಾ ಇದ್ದಳು. ‘ಎಲ್ಲರಿಗೂ ಉಚಿತ ಚಿಕಿತ್ಸೆ’ ಎಂಬ ಯೋಜನೆ ಸಾರಲು ಮಂತ್ರಿಗಳು ಅಲ್ಲಿಗೆ ಬರುವವರಿದ್ದರು. ಹಿಂದಿನ ದಿನ ಅಧಿಕಾರಿ ಬಂದು ಗುಡುಗಿದ:

“ವಾರ್ಡು ಥಳಥಳ ಹೊಳೀಬೇಕು. ಒಬ್ಬ ರೋಗಿನೂ ಕಣ್ಣಿಗೆ ಬೀಳಬಾರದು!”

ಒಳಗೆ ದಮ್ಮಿನ ದಾನಮ್ಮ ಆಕ್ಸಿಜನ್ ಮೇಲಿದ್ದಳು. ಹೊರಗೆ ಸಾಗಿಸಿದರೆ ಸಂಜೆಯೊಳಗೆ ಜೀವ ಹೋಗುತ್ತಿತ್ತು.

“ಆಗ್ಲಿ ಸಾಹೇಬ್ರ,” ಎಂದಳು ಆಯಾ.

ಮರುದಿನ ಮಂತ್ರಿಗಳು ಒಳಗೆ ಬಂದರೆ, ದಾನಮ್ಮನ ಮಂಚದ ಸುತ್ತ ಕೆಂಪು ಟೇಪು! ಆಯಾ ತಟ್ಟೆಯಲ್ಲಿ ಕತ್ತರಿ ಹಿಡಿದು ನಿಂತಿದ್ದಳು.

“ನಿಮ್ಮ ಯೋಜನೆಯ ಮೊದಲನೇ ರೋಗಿರೀ. ಕತ್ತರಿಸ್ರಿ.”

ಟೇಪು ಕಂಡ ಮಂತ್ರಿಯ ಕೈ ಸುಮ್ಮನಿದ್ದೀತೇ? ಕತ್ತರಿಸಿದರು. ಚಪ್ಪಾಳೆ, ಫೋಟೋ ಎಲ್ಲ ಆಯಿತು.

ಕಾರು ಹೋದದ್ದೇ ಅಧಿಕಾರಿ ಹಲ್ಲು ಕಡಿದ. “ನನ್ನ ಮಾತು ಮೀರ್ತೀಯಾ? ಈಕಿನ್ನ ಈಗಲೇ ಹೊರಗ ಹಾಕು!”

“ಹಾಕ್ತೀನ್ರಿ. ನಾಳೆ ಪೇಪರಿನ್ಯಾಗ ಈಕಿ ಫೋಟೋ ಬರ್ತೈತಿ. ಈಕಿ ಎಲ್ಲಿ ಅಂತ ಮಂತ್ರಿಗಳು ಕೇಳಿದ್ರ, ಸತ್ತಳು ಅಂತ ನೀವ ಹೇಳ್ರಿ.”

ಅಧಿಕಾರಿ ಅತ್ತಿತ್ತ ನೋಡಿದ. ಆಮೇಲೆ ಬಾಗಿಲು ಮುಚ್ಚಿ, ದನಿ ತಗ್ಗಿಸಿ ಕೇಳಿದ:

“ನಮ್ಮ ಅವ್ವಗೂ ದಮ್ಮೈತಿ. ಟೇಪು ಇನ್ನೂ ಉಳದೈತೇನ ಯವ್ವಾ?”