ಹೆಪ್ಪಿಗೆ ಮೂರೇ ಮನೆ

"ಗುರುಗಳೇ, ಒಬ್ಬ ಶಿಷ್ಯ ಮೂವರಿಗೆ ಮಾತ್ರ ಪಾಠ ಹೇಳಬೇಕೆಂದು ಕಟ್ಟಳೆ ಮಾಡಿದ್ದೀರಿ. ನನ್ನ ಬಳಿಗೆ ನೂರು ಮಂದಿ ಬರುತ್ತಿದ್ದಾರೆ. ಅವರನ್ನು ಯಾಕೆ ತಡೆಯಬೇಕು?" ಎಂದು ಶಿಷ್ಯ ಕೇಳಿದ. ನೂರು ಎನ್ನುವಾಗ ಅವನ ಎದೆ ತುಸು ಉಬ್ಬಿತು.

ಗುರುಗಳು ಕತೆ ಹೇಳಿದರು.

ನಲವತ್ತು ಮನೆಯ ಒಂದೂರು. ಅಲ್ಲಿನ ಗೌಡತಿಯ ಮೊಸರಿಗೆ ದೊಡ್ಡ ಹೆಸರು. ಸಂಜೆಯಾದರೆ ಊರೆಲ್ಲ ಬಟ್ಟಲು ಹಿಡಿದು ಹೆಪ್ಪಿಗೆ ಅವಳ ಬಾಗಿಲಿಗೆ ಬರುತ್ತಿತ್ತು. ನಾಳೆಯೂ ಸಿಗುತ್ತದಲ್ಲ ಎಂದು ಯಾರೂ ಮನೆಯಲ್ಲಿ ಒಂದು ಚಮಚ ಉಳಿಸಿಕೊಳ್ಳುತ್ತಿರಲಿಲ್ಲ. ಗೌಡತಿಗೆ ಇದು ಬಲು ಹಿತವಾಗಿತ್ತು. ಗೌಡನ ಪಾಲಿಗೆ ಮಾತ್ರ ಗಡಿಗೆ ತೊಳೆದ ನೀರೇ ಮಜ್ಜಿಗೆ.

ಗೌಡ ರೋಸಿಹೋಗಿ ಕಟ್ಟಳೆ ಮಾಡಿದ. ಯಾವ ಮನೆಯವರೂ ಮೂರಕ್ಕಿಂತ ಹೆಚ್ಚು ಮನೆಗೆ ಹೆಪ್ಪು ಕೊಡಕೂಡದು. ಗೌಡತಿ ಮೂರು ಮನೆಗೆ ಕೊಟ್ಟಳು. ಆ ಮೂವರು ತಲಾ ಮೂರು ಮನೆಗೆ ಕೊಟ್ಟರು. ಹೀಗೆ ಹೆಪ್ಪು ಊರ ಕೊನೆಯ ಒಬ್ಬ ಅಜ್ಜಿಯ ಮನೆ ಮುಟ್ಟಿತು. ಮೊದಲು ಸಾಲಿನಲ್ಲಿ ಮುಂದೆ ನಿಲ್ಲುತ್ತಿದ್ದ ಅಜ್ಜಿ ಈಗ ಕೊನೆಯವಳು. ಅಂದಿನಿಂದ ಅವಳು ಗೌಡತಿಯೊಂದಿಗೆ ಮಾತು ಬಿಟ್ಟಳು.

ಗೌಡತಿಯ ಮಗಳ ನಿಶ್ಚಿತಾರ್ಥದ ಹಿಂದಿನ ಸಂಜೆ ಬೆಕ್ಕು ಗಡಿಗೆ ಉರುಳಿಸಿತು. ಮೊಸರನ್ನವಿಲ್ಲದ ಊಟ ಅಪಶಕುನವೆಂದು ಬೀಗರು ಎದ್ದುಹೋಗುವ ಸೀಮೆ ಅದು. ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಕೊಡುವುದಿಲ್ಲ. ಗೌಡತಿ ಬಟ್ಟಲು ಹಿಡಿದು ಓಡಿದಳು.

"ನಮ್ಮ ಮೂರು ಮನೆ ಆಗೋಯ್ತು ಕಣವ್ವ. ನಿಮ್ಮ ಯಜಮಾನ್ರದೇ ಕಟ್ಟಳೆ" ಎಂದರು ಮೊದಲ ಮನೆಯವರು. ಹನ್ನೆರಡು ಮನೆಯಲ್ಲೂ ಇದೇ ಮಾತು. ಅವಳು ಅಳುತ್ತ ಅಜ್ಜಿಯ ಬಾಗಿಲಿಗೆ ಬಂದಳು. ಅಜ್ಜಿ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು.

"ನನ್ನಿಂದಾಚೆ ಯಾರವ್ರೆ ಕೊಡಾಕೆ? ನನ್ನ ಮೂರೂ ಹಂಗೇ ಅವೆ. ಬಟ್ಟಲು ಹಿಡಿ. ನಿಂದೇ ಹೆಪ್ಪು, ಊರು ಸುತ್ತಿ ಬಂದೈತೆ" ಎಂದಳು ಅಜ್ಜಿ.

ಮರುದಿನ ಬೀಗರು ಎರಡೆರಡು ಸಲ ಮೊಸರನ್ನ ಹಾಕಿಸಿಕೊಂಡರು.

ಶಿಷ್ಯ ನಕ್ಕ. "ಕಟ್ಟಳೆಯೇ ಇಲ್ಲದಿದ್ದರೆ ಪಾಪ, ಹನ್ನೆರಡು ಮನೆ ಸುತ್ತುವುದು ತಪ್ಪುತ್ತಿತ್ತು" ಎಂದ.

"ಊರೆಲ್ಲ ಸುತ್ತಿ ಬರಿ ಬಟ್ಟಲು ಹಿಡಿದು ಮನೆಗೆ ಬರುತ್ತಿದ್ದಳು" ಎಂದರು ಗುರುಗಳು. ಶಿಷ್ಯನ ನಗು ನಿಂತಿತು.

"ಇರಲಿ, ನಿನ್ನ ಬಾಗಿಲಿಗೇ ಬರುವ ಆ ನೂರು ಮಂದಿಯಲ್ಲಿ, ನೀನು ಪಾಠ ಮರೆತ ದಿನ ಯಾರ ಬಾಗಿಲಿಗೆ ಹೋಗುತ್ತೀಯ?"